ಕೆನಡಿ ಮಗು, ಆಕ್ಲೆಂಡಿನ ಕುರಿಮರಿ, ಬೆಳಗಾವಿಯ ಪಾಠ

ಇವತ್ತು ಒಂದು ಇಂಜೆಕ್ಷನ್ ಕಥೆ ಹೇಳ್ತೀನಿ. ಇದನ್ನ ಕೊಡೋದು ತಾಯಿಗೆ, ಉಳಿಯೋದು ಮಗು.

1963ರ ಆಗಸ್ಟ್. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಗೆ ಗಂಡುಮಗು ಹುಟ್ಟಿತು. ಹೆಸರು ಪ್ಯಾಟ್ರಿಕ್. ದಿನ ತುಂಬೋಕೆ ಇನ್ನೂ ಐದೂವರೆ ವಾರ ಇತ್ತು, ತೂಕ ಸುಮಾರು 2.1 ಕಿಲೋ. ಇವತ್ತು ಒಳ್ಳೆ ಎನ್‌ಐಸಿಯುನಲ್ಲಿ ಇಂಥ ಮಕ್ಕಳು ಬಹುತೇಕ ಬದುಕಿಕೊಳ್ಳುತ್ತವೆ. ಪ್ಯಾಟ್ರಿಕ್ ಬದುಕಿದ್ದು 39 ಗಂಟೆ.

ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡದಂತೆ ಕಾಯೋ ಒಂದು ಪದಾರ್ಥ ಇದೆ, ಸರ್ಫ್ಯಾಕ್ಟೆಂಟ್. ಅವಧಿಗೆ ಮುಂಚೆ ಹುಟ್ಟಿ ಉಸಿರಿಗೆ ಒದ್ದಾಡೋ ಮಕ್ಕಳಲ್ಲಿ ಅದು ಸಾಲದು ಅಂತ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲೇ ತೋರಿಸಿದ್ದರು. ಕಾರಣ ಗೊತ್ತಿತ್ತು, ಮದ್ದು ಇರಲಿಲ್ಲ.

ದಾರಿ ತೋರಿಸಿದ್ದು ನ್ಯೂಜಿಲೆಂಡಿನ ಕುರಿಗಳು! ಆಕ್ಲೆಂಡಿನ ಗ್ರಹಾಂ ಲಿಗಿನ್ಸ್ ಹುಡುಕ್ತಾ ಇದ್ದದ್ದು ಹೆರಿಗೆ ನೋವು ಹೇಗೆ ಶುರುವಾಗುತ್ತೆ ಅನ್ನೋದನ್ನ. ಅದಕ್ಕೆ ಹೊಟ್ಟೆಯಲ್ಲಿದ್ದ ಮರಿಗಳಿಗೆ ಸ್ಟೀರಾಯ್ಡ್ ಕೊಟ್ಟರು. ಬದುಕಲು ಸಾಧ್ಯವೇ ಇಲ್ಲದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡ್ತಾ ಇತ್ತು. ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ 282 ತಾಯಂದಿರಲ್ಲಿ ಪರೀಕ್ಷೆ ನಡೆಸಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವಧಿಗೆ ಮೊದಲೇ ತಾನಾಗಿ ನೋವು ಬಂದವರಲ್ಲಿ, ಮದ್ದು ಸಿಗದವರ ಮಕ್ಕಳ ಪೈಕಿ ಶೇ. 15ರಷ್ಟು ಬೇಗನೆ ತೀರಿಕೊಂಡಿದ್ದವು. ಮದ್ದು ಸಿಕ್ಕವರಲ್ಲಿ ಅದು ಶೇ. 3.2.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮುಂದೆ ಅನೇಕ ಪ್ರಯೋಗಗಳು ಅದನ್ನೇ ಹೇಳಿದರೂ ಎಷ್ಟೋ ವೈದ್ಯರು ಹಿಂಜರಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ಇಪ್ಪತ್ತೆರಡು ವರ್ಷ! ವೈದ್ಯಕೀಯ ಪುರಾವೆಗಳನ್ನ ಒಟ್ಟುಗೂಡಿಸೋ ಕಾಕ್ರೇನ್ ಸಂಸ್ಥೆಯ ಲೋಗೋದಲ್ಲಿರೋ ಅಡ್ಡಗೆರೆಗಳು ಇದೇ ಪ್ರಯೋಗಗಳವು. ನನಗೆ ಅದು ಲೋಗೋಗಿಂತ ಹೆಚ್ಚಾಗಿ ಎಚ್ಚರಿಕೆಯ ಹಾಗೆ ಕಾಣುತ್ತೆ.

ಈಗ ನಮ್ಮೂರಿಗೆ ಬರೋಣ. ಇದೇ ಇಂಜೆಕ್ಷನ್ ಹಳ್ಳಿ ಹಳ್ಳಿಗೂ ತಲುಪಿದರೆ ಏನಾಗುತ್ತೆ ಅಂತ ಆರು ದೇಶಗಳಲ್ಲಿ ಪರೀಕ್ಷೆ ನಡೆಯಿತು. ಅದರಲ್ಲಿ ಬೆಳಗಾವಿಯೂ ಇತ್ತು. 2015ರಲ್ಲಿ ಬಂದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು: ತೀರಾ ಸಣ್ಣ ಮಕ್ಕಳಿಗೆ ಲಾಭ ಕಾಣಲಿಲ್ಲ, ಒಟ್ಟಾರೆ ಶಿಶುಮರಣ ಸ್ವಲ್ಪ ಹೆಚ್ಚೇ ಆಯಿತು. ಸ್ಕ್ಯಾನ್ ಇಲ್ಲದ ಕಡೆ ಎಷ್ಟು ವಾರ ಆಗಿದೆ ಅನ್ನೋದೇ ಅಂದಾಜು. ಮದ್ದು ಪಡೆದ ಎಷ್ಟೋ ತಾಯಂದಿರಿಗೆ ದಿನ ತುಂಬಿಯೇ ಹೆರಿಗೆ ಆಯಿತು.

ಹಾಗಾದರೆ ಮದ್ದೇ ತಪ್ಪಾ? ಅಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ, ಸ್ಕ್ಯಾನ್‌ನಿಂದ ವಾರ ಖಚಿತ ಮಾಡಿಕೊಂಡು, ನವಜಾತ ಶಿಶುಗಳ ಆರೈಕೆ ಇರೋ ಆಸ್ಪತ್ರೆಗಳಲ್ಲೇ ಕೊಟ್ಟಾಗ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಇದು ಪ್ರಕಟವಾಗಿದ್ದು 2020ರಲ್ಲಿ.

ನಾವು ಕೇಳೋ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಮಗು ಎಷ್ಟು ತೂಕ? ಎಷ್ಟು ವಾರಕ್ಕೆ ಹುಟ್ಟಿತು, ಎಲ್ಲಿ ಹುಟ್ಟಿತು ಅನ್ನೋದೂ ಅಷ್ಟೇ ಮುಖ್ಯ. ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಮೊದಲ ಮೂರು ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ಅವಧಿಗೆ ಮುಂಚೆ ನೋವು ಬಂದರೆ ಎನ್‌ಐಸಿಯು ಇರೋ ಆಸ್ಪತ್ರೆ ಯಾವುದು ಅಂತ ಈಗಲೇ ಕೇಳಿಟ್ಟುಕೊಳ್ಳಿ.