ಪೈಥಾನ್ ಭಾಷೆಯ ಅಕ್ಟೋಬರ್ ಬಿಡುಗಡೆ: ಕನ್ನಡ ಶಾಲೆಗಳ ಪಾಲಕರಿಗೆ ಒಂದು ಮಾಹಿತಿ

ಅಕ್ಟೋಬರ್ ತಿಂಗಳು ಬಂತೆಂದರೆ ‘ಪೈಥಾನ್‌ನ ಹೊಸ ಆವೃತ್ತಿ ಬಂದಿದೆಯಂತೆ, ಶಾಲೆಯಲ್ಲಿರುವುದು ಹಳೆಯದಾಯಿತಲ್ಲವೇ?’ ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಸಾಂಗ್ಲಿ ಜಿಲ್ಲೆಯ ಜತ್ತ, ಮಿರಜ ಭಾಗದ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರಿದಾಗ ಎದುರಾಗುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ ಪ್ರಮುಖವಾದುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಾಧ್ಯಮಿಕ ಹಂತಕ್ಕಿಂತ ಮೊದಲೇ ಕೋಡಿಂಗ್ ಚಟುವಟಿಕೆಗಳನ್ನು ಆರಂಭಿಸಬೇಕೆನ್ನುತ್ತದೆ. ಆದ್ದರಿಂದ ಈ ಭಾಷೆ ಯಾವಾಗ, ಹೇಗೆ, ಯಾರ ದುಡಿಮೆಯಿಂದ ಹೊರಬರುತ್ತದೆ, ಅದರಲ್ಲಿ ಕನ್ನಡದ ಸ್ಥಿತಿ ಏನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬಿಡುಗಡೆಯ ಪಂಚಾಂಗ

ನೆದರ್ಲೆಂಡ್ಸ್‌ನ ಗೈಡೊ ವಾನ್ ರೋಸಮ್ ಅವರು 1989ರ ಡಿಸೆಂಬರ್ ರಜೆಯಲ್ಲಿ ಈ ಭಾಷೆಯ ಕೆಲಸ ಆರಂಭಿಸಿದರು. ಮೊದಲ ಆವೃತ್ತಿ ಸಾರ್ವಜನಿಕರ ಕೈಸೇರಿದ್ದು 1991ರ ಫೆಬ್ರವರಿಯಲ್ಲಿ. ಇದು ಮುಕ್ತ ತಂತ್ರಾಂಶ. ಯಾರೂ ಹಣ ಕೊಡಬೇಕಿಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು.

ಬಹುಕಾಲ ಹೊಸ ಆವೃತ್ತಿಗೆ ಗೊತ್ತಾದ ತಿಂಗಳೆಂಬುದು ಇರಲಿಲ್ಲ. ಸುಮಾರು ಹದಿನೆಂಟು ತಿಂಗಳಿಗೊಮ್ಮೆ ಎಂಬ ರೂಢಿಯಿತ್ತು. ಅದರಂತೆ 3.6 ಆವೃತ್ತಿ 2016ರ ಡಿಸೆಂಬರ್‌ನಲ್ಲಿ, 3.7 ಆವೃತ್ತಿ 2018ರ ಜೂನ್‌ನಲ್ಲಿ, 3.8 ಆವೃತ್ತಿ 2019ರ ಅಕ್ಟೋಬರ್‌ನಲ್ಲಿ ಬಂದವು. ಊರ ಜಾತ್ರೆಯ ತಿಥಿಯೇ ವರ್ಷವರ್ಷಕ್ಕೆ ಅದಲುಬದಲಾದರೆ ಅಂಗಡಿ ಹಾಕುವವರ ಪಾಡೇನಾದೀತು? ಪೈಥಾನ್ ನೆಚ್ಚಿ ಕೆಲಸ ಮಾಡುವವರ ಪಾಡೂ ಅದೇ ಆಗಿತ್ತು. ಪೋಲೆಂಡಿನ ಉಕಾಶ್ ಲಾಂಗಾ ಅವರು ಬರೆದ ‘ಪೆಪ್ 602’ ಎಂಬ ಪ್ರಸ್ತಾವ 2019ರಲ್ಲಿ ಅಂಗೀಕೃತವಾಗಿ, ವರ್ಷಕ್ಕೊಂದು ಆವೃತ್ತಿ, ಅದೂ ಅಕ್ಟೋಬರ್‌ನಲ್ಲಿ ಎಂಬ ನಿಯಮ ನೆಲೆಗೊಂಡಿತು. 2020ರ ಅಕ್ಟೋಬರ್ 5ರಂದು ಬಂದ 3.9 ಈ ಕ್ರಮದ ಮೊದಲ ಆವೃತ್ತಿ. 2025ರ ಅಕ್ಟೋಬರ್ 7ರಂದು 3.14 ಬಂದಿತು.

ಅಕ್ಟೋಬರ್‌ಗೆ ಮುಂಚಿನ ತಿಂಗಳುಗಳೇ ನಮಗೆ ಮುಖ್ಯವಾದವು. ಮೊದಲು ಏಳು ‘ಆಲ್ಫಾ’ ಕರಡುಗಳು ಬರುತ್ತವೆ. ಆಗ ಹೊಸ ಸೌಲಭ್ಯಗಳನ್ನು ಸೇರಿಸಬಹುದು. ಮೇ ತಿಂಗಳಲ್ಲಿ ಮೊದಲ ‘ಬೀಟಾ’ ಬರುತ್ತಲೇ ಬಾಗಿಲು ಮುಚ್ಚುತ್ತದೆ: ಅಂದಿನಿಂದ ಹೊಸದೇನೂ ಸೇರದು, ದೋಷ ತಿದ್ದುವುದಷ್ಟೇ. ನಾಲ್ಕು ಬೀಟಾಗಳ ನಂತರ, ಜುಲೈ ಕೊನೆಗೆ ಇಲ್ಲವೇ ಆಗಸ್ಟ್‌ನಲ್ಲಿ ಬಹುತೇಕ ಅಂತಿಮವಾದ ಪ್ರತಿಗಳು ಬರುತ್ತವೆ. ಅಲ್ಲಿ ತೀರ ಗಂಭೀರ ದೋಷಗಳನ್ನು ಮಾತ್ರ ಮುಟ್ಟುತ್ತಾರೆ. ಹೊಸ ಸೌಲಭ್ಯವೊಂದನ್ನು ಬೇಡುವವರು ಮೇ ತಿಂಗಳನ್ನು ತಪ್ಪಿಸಿಕೊಂಡರೆ ಮುಂದಿನ ವರ್ಷದ ಅಕ್ಟೋಬರ್‌ವರೆಗೆ ಕಾಯಬೇಕು.

ಮಹಾರಾಷ್ಟ್ರದ ನಮ್ಮ ಶಾಲೆಗಳು ಜೂನ್ ಮಧ್ಯಭಾಗದಲ್ಲಿ ತೆರೆಯುತ್ತವೆ. ಅಂದರೆ ಬೀಟಾ ಅವಧಿ ಬೇಸಿಗೆ ರಜೆಯಲ್ಲಿ ಆರಂಭವಾಗಿ ಹೊಸ ವರ್ಷದ ಮೊದಲ ವಾರಗಳವರೆಗೆ ಚಾಚುತ್ತದೆ. ಶಿಕ್ಷಕರಿಗೆ ಇದಕ್ಕಿಂತ ಅನುಕೂಲವಾದ ಕಾಲ ಮತ್ತೊಂದಿಲ್ಲ.

ದುಡಿಯುವವರು ಯಾರು

ಭಾಷೆಯ ಹಕ್ಕುಗಳನ್ನು ಕಾಯುವುದು 2001ರಲ್ಲಿ ಹುಟ್ಟಿದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ. ಗೈಡೊ ಅವರು 2018ರ ಜುಲೈನಲ್ಲಿ ಮುಖ್ಯಸ್ಥಾನದಿಂದ ಹಿಂದೆ ಸರಿದ ಮೇಲೆ, ಚುನಾಯಿತರಾದ ಐವರ ಮಂಡಳಿ ತಾಂತ್ರಿಕ ನಿರ್ಣಯಗಳನ್ನು ಕೈಗೊಳ್ಳುತ್ತಿದೆ. ಕೆಲವರಿಗೆ ಅವರ ಕಂಪನಿಗಳೇ ಈ ಕೆಲಸಕ್ಕೆ ಸಮಯ ಕೊಡುತ್ತವೆ. ಫೌಂಡೇಶನ್ನು 2021ರಿಂದ ಪೂರ್ಣಾವಧಿಯ ಅಭಿವೃದ್ಧಿಕಾರರನ್ನು ನೇಮಿಸಿಕೊಂಡಿದೆ. ಉಳಿದ ದೊಡ್ಡ ಪಾಲು ತಮ್ಮ ಬಿಡುವಿನ ವೇಳೆಯನ್ನು ಕೊಡುವ ಸ್ವಯಂಸೇವಕರದು. ಪ್ರತಿ ಎರಡು ಆವೃತ್ತಿಗಳಿಗೆ ಒಬ್ಬ ‘ಬಿಡುಗಡೆ ವ್ಯವಸ್ಥಾಪಕ’ರಿರುತ್ತಾರೆ: 3.10 ಮತ್ತು 3.11ಕ್ಕೆ ಪಾಬ್ಲೊ ಗಲಿಂಡೊ ಸಾಲ್ಗಾಡೊ, 3.12 ಮತ್ತು 3.13ಕ್ಕೆ ಥಾಮಸ್ ವೌಟರ್ಸ್, 3.14ಕ್ಕೆ ಹ್ಯೂಗೊ ವಾನ್ ಕೆಮನಾಡೆ.

ಪಂಚಾಂಗವಿದೆಯೆಂದು ದೋಷವಿರುವುದನ್ನು ಹೊರಬಿಡುವುದಿಲ್ಲ. 3.11 ಆವೃತ್ತಿ 2022ರ ಅಕ್ಟೋಬರ್ ಆರಂಭಕ್ಕೆ ಬರಬೇಕಿತ್ತು. ತಡೆಯಾಗಿದ್ದ ದೋಷಗಳು ತೀರದೆ 24ರಂದು ಬಂತು. 2024ರಲ್ಲಿ 3.13ರ ನೆನಪು-ನಿರ್ವಹಣೆಯ ಹೊಸ ವಿಧಾನವೊಂದನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆದುಕೊಂಡು, ಬಿಡುಗಡೆಯನ್ನು ಅಕ್ಟೋಬರ್ 1ರಿಂದ 7ಕ್ಕೆ ಸರಿಸಿದರು. ನಮ್ಮ ದೃಷ್ಟಿಯಲ್ಲಿ ಇದು ವಿಳಂಬವಲ್ಲ, ಜವಾಬ್ದಾರಿ.

ಕನ್ನಡದ ಸ್ಥಿತಿ

ಪೈಥಾನ್‌ನ ಮೀಸಲು ಪದಗಳು ಮೂವತ್ತೈದು, ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದ ಮಗು ಇಷ್ಟನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಲ್ಲದು. 2008ರ ಡಿಸೆಂಬರ್‌ನಲ್ಲಿ ಬಂದ 3.0 ಆವೃತ್ತಿಯಿಂದ ಉಳಿದ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಇಡಬಹುದು. ‘ಅಂಕ’, ‘ಒಟ್ಟು’, ‘ಸರಾಸರಿ’ ಎಂಬ ಹೆಸರುಗಳಿಂದ ಪ್ರಗತಿಪತ್ರದ ಲೆಕ್ಕ ಬರೆದರೆ ಪೈಥಾನ್ ತಕರಾರಿಲ್ಲದೆ ಒಪ್ಪುತ್ತದೆ. ಬಳಕೆದಾರರು ೧೨ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೂ, ಮರಾಠಿ ಅಂಕಿಗಳಲ್ಲಿ ಟೈಪ್ ಮಾಡಿದರೂ ‘ಇಂಟ್’ ಎಂಬ ಆಜ್ಞೆ ಅದನ್ನು ಹನ್ನೆರಡೆಂದೇ ತಿಳಿಯುತ್ತದೆ. ಪ್ರೋಗ್ರಾಮಿನೊಳಗೆ ನೇರವಾಗಿ ಬರೆಯುವ ಸಂಖ್ಯೆಗಳು ಮಾತ್ರ 1, 2, 3 ರೂಪದಲ್ಲಿರಬೇಕು.

ತೊಡಕುಗಳೂ ಉಂಟು. ‘ಸಾಫ್ಟ್‌ವೇರ್’ ಎಂಬ ಪದವನ್ನು ಬರೆಯುವಾಗ ‘ವೇ’ ಒತ್ತಕ್ಷರವಾಗದಂತೆ ಕೀಲಿಮಣೆಯಿಂದ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತೇವೆ. ಹೆಸರಿನಲ್ಲಿ ಆ ಗುರುತಿದ್ದರೆ ಪೈಥಾನ್ ದೋಷವೆಂದು ನಿಲ್ಲುತ್ತದೆ. ಕಾಣದ ಗುರುತಿನ ತಪ್ಪನ್ನು ಹುಡುಕುತ್ತ ಮಗು ಇಡೀ ತಾಸು ಕಳೆದೀತು.

ಇನ್ನೊಂದು ತೊಡಕು ಆಳವಾದುದು. ‘ಸಾಂಗ್ಲಿ’ಯಲ್ಲಿ ಎಷ್ಟು ಅಕ್ಷರಗಳೆಂದು ಮೂರನೆಯ ತರಗತಿಯ ಮಗುವನ್ನು ಕೇಳಿ: ಸಾಂ, ಗ್ಲಿ, ಎರಡು ಎನ್ನುತ್ತದೆ. ಪೈಥಾನ್‌ನ ‘ಲೆನ್’ ಏಳು ಎನ್ನುತ್ತದೆ! ‘ಮಿರಜ’ಕ್ಕೆ ನಾಲ್ಕು. ಯೂನಿಕೋಡ್ ಪದ್ಧತಿಯಲ್ಲಿ ಮೂಲಾಕ್ಷರ, ಕಾಗುಣಿತದ ಗುರುತು, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಪ್ರತಿಯೊಂದಕ್ಕೂ ಬೇರೆ ಸಂಖ್ಯೆಯಿದ್ದು, ಪೈಥಾನ್ ಎಣಿಸುವುದು ಅವುಗಳನ್ನೇ. ಆದಕಾರಣ ಹಿಂದುಮುಂದಾಗಿ ಓದಿದರೂ ಬದಲಾಗದ ‘ವಿಕಟಕವಿ’ಯನ್ನು ಮಕ್ಕಳು ತಿರುಗಿಸಿ ನೋಡಿದರೆ, ಇವೆರಡೂ ಒಂದಲ್ಲ ಎಂಬ ಉತ್ತರ ಬರುತ್ತದೆ. ತೆನಾಲಿ ರಾಮಕೃಷ್ಣನಿದ್ದಿದ್ದರೆ ಏನೆನ್ನುತ್ತಿದ್ದನೋ! 3.14ರವರೆಗಿನ ಆವೃತ್ತಿಗಳ ಮೂಲ ಸಾಮಗ್ರಿಯಲ್ಲಿ ಅಕ್ಷರಗಳನ್ನು ನಮ್ಮಂತೆ ಬಿಡಿಸುವ ಸಾಧನವಿಲ್ಲ. ಸ್ವಯಂಸೇವಕರು ಬರೆದ ಪ್ರತ್ಯೇಕ ಪೊಟ್ಟಣಗಳನ್ನು ಅವಲಂಬಿಸಬೇಕು.

ಆ ಪೊಟ್ಟಣಗಳು ಅನುಸರಿಸುವ ನಿಯಮ ಯೂನಿಕೋಡಿನದು. 2023ರ ಸೆಪ್ಟೆಂಬರ್‌ನ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮವನ್ನು ತಂದಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅಂದರೆ ಪಕ್ಕದ ಮರಾಠಿ ಶಾಲೆಯ ಮಗುವಿನ ಒತ್ತಕ್ಷರ ಒಂದಾಗಿ ಎಣಿಕೆಗೆ ಸಿಕ್ಕಿತು, ನಮ್ಮ ಮಗುವಿನ ‘ಗ್ಲಿ’ ಎರಡಾಯಿತು. ‘ಸಾಂಗ್ಲಿ’ಗೆ ಆ ಲೆಕ್ಕದಲ್ಲಿ ಸಿಗುವ ಉತ್ತರ ಮೂರು. ಗಡಿನಾಡಿನವರಾದ ನಮಗೆ ಪಟ್ಟಿಯಿಂದ ಹೊರಗುಳಿಯುವುದು ಹೊಸದೇನಲ್ಲ. ಆದರೆ ಇಲ್ಲಿ ಬಾಗಿಲು ತೆರೆದಿದೆ: ಪ್ರತಿ ಆವೃತ್ತಿಗೂ ಮುನ್ನ ಯೂನಿಕೋಡ್ ಒಕ್ಕೂಟ ಕರಡನ್ನು ಸಾರ್ವಜನಿಕ ಪರಿಶೀಲನೆಗೆ ಇಟ್ಟು ಆಕ್ಷೇಪಗಳನ್ನು ಸ್ವೀಕರಿಸುತ್ತದೆ.

ಹೀಗೆ ಕನ್ನಡಕ್ಕೆ ದಕ್ಕಿದ್ದೂ ಇದೆ. ಹಳಗನ್ನಡದ ‘ನಕಾರ ಪೊಲ್ಲು’ 2021ರ ಯೂನಿಕೋಡ್ 14ರಲ್ಲಿ ಸೇರಿ, 2022ರ ಪೈಥಾನ್ 3.11ರ ಮೂಲಕ ನಮ್ಮ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ ಬದಲಾದರೆ ಪೈಥಾನ್‌ಗೆ ಬರುವುದು ಮರುವರ್ಷದ ಅಕ್ಟೋಬರ್‌ಗೆ: ಹದಿಮೂರು ತಿಂಗಳು. ಇಂದು ಐದನೆಯ ತರಗತಿಯಲ್ಲಿರುವ ಮಗು ಏಳಕ್ಕೆ ಬರುವಷ್ಟರಲ್ಲಿ ತಿದ್ದುಪಡಿ ತಲುಪಬೇಕಾದರೆ ಮಾತು ಈಗಲೇ ಆಡಬೇಕು.

ಶಾಲೆಯಲ್ಲಿ ಯಾವುದಿರಬೇಕು

ಪ್ರತಿ ಆವೃತ್ತಿಗೂ ಐದು ವರ್ಷ ಆಯುಷ್ಯ. 3.13ರಿಂದ ಮೊದಲ ಎರಡು ವರ್ಷ ಎಲ್ಲ ಬಗೆಯ ದೋಷಗಳನ್ನೂ ತಿದ್ದುತ್ತಾರೆ. ಮುಂದಿನ ಮೂರು ವರ್ಷ ಸುರಕ್ಷತೆಗೆ ಸಂಬಂಧಿಸಿದವನ್ನು ಮಾತ್ರ, ಆಗ ವಿಂಡೋಸ್‌ಗೆ ಸಿದ್ಧ ಅನುಸ್ಥಾಪಕವೂ ಸಿಗದು. 3.13 ಇರುವ ಶಾಲೆಗೆ 2029ರ ಅಕ್ಟೋಬರ್‌ವರೆಗೆ ಅಭಯವಿದೆ. ಆದ್ದರಿಂದ ಹೊಸ ಆವೃತ್ತಿ ಬಂದ ದಿನವೇ ಪ್ರಯೋಗಾಲಯವನ್ನು ಬದಲಿಸುವುದನ್ನು ನಾವು ಒಪ್ಪುವುದಿಲ್ಲ. ಮೊದಲ ಸತ್ರದ ಪರೀಕ್ಷೆ, ದೀಪಾವಳಿ ರಜೆ ಮುಗಿಯಲಿ, ಒಂದೆರಡು ತಿದ್ದುಪಡಿಗಳು ಬರಲಿ, ಬದಲಾವಣೆ ಬೇಸಿಗೆಯಲ್ಲಾಗಲಿ.

ವಿಂಡೋಸ್ 7 ಇರುವ ಹಳೆಯ ಯಂತ್ರಗಳ ಮಾತು ಬೇರೆ. ಅದರಲ್ಲಿ ನಡೆಯುವ ಕೊನೆಯ ಆವೃತ್ತಿ 3.8, ಅದರ ಆಯುಷ್ಯ 2024ರ ಅಕ್ಟೋಬರ್‌ಗೆ ಮುಗಿಯಿತು. ದಾನವಾಗಿ ಬಂದ ಇಂತಹ ಯಂತ್ರಗಳನ್ನು ಎಸೆಯಬೇಕಿಲ್ಲ, ಹಗುರವಾದ ಲಿನಕ್ಸ್ ಹಾಕಿದರೆ ಹೊಸ ಪೈಥಾನ್ ಓಡುತ್ತದೆ. ಸಾಂಗ್ಲಿಯ ವಿಶ್ರಾಮಬಾಗದ ವಾಲಚಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ವಾಲಚಂದ ಲಿನಕ್ಸ್ ಬಳಕೆದಾರರ ಬಳಗವಿದೆ. ಮುಕ್ತ ತಂತ್ರಾಂಶದ ಪ್ರಚಾರವೇ ಅದರ ಉದ್ದೇಶ; ಶಾಲಾ ವ್ಯವಸ್ಥಾಪನ ಸಮಿತಿಗಳು ಅಲ್ಲಿ ವಿಚಾರಿಸಬಹುದು.

ಬೀಟಾ ಅವಧಿಯಲ್ಲಿ ಮಾಡಬಹುದಾದ ಕೆಲಸ ಸಣ್ಣದು. ಒಂದು ಯಂತ್ರದಲ್ಲಿ ಬೀಟಾ ಹಾಕಿಕೊಂಡು ಮೇಲೆ ಹೇಳಿದ ಕನ್ನಡ ಉದಾಹರಣೆಗಳನ್ನು ಓಡಿಸಿ ನೋಡುವುದು. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಇಲ್ಲಿ ಕೆಟ್ಟಿದ್ದರೆ ಬರೆದಿಡುವುದು. ವರದಿ ಇಂಗ್ಲಿಷಿನಲ್ಲಿರಬೇಕು, ಆದರೆ ನಾಲ್ಕೇ ವಾಕ್ಯ ಸಾಕು: ಯಾವ ಆವೃತ್ತಿ, ಏನು ಬರೆದೆವು, ಏನು ಬರಬೇಕಿತ್ತು, ಏನು ಬಂತು. ಮಕ್ಕಳು ಕನ್ನಡದಲ್ಲಿ ಬರೆದದ್ದನ್ನು ಶಿಕ್ಷಕರು ತಮ್ಮ ಹೆಸರಿನಲ್ಲಿ ಇಂಗ್ಲಿಷಿಗೆ ಇಳಿಸಿ ಕಳುಹಿಸುವುದು ಸರಿಯಾದ ದಾರಿ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ಶನಿವಾರ ಇದಕ್ಕೆ ಎರಡು ತಾಸು ಮೀಸಲಿಡಬೇಕೆಂದು ಮುಖ್ಯಾಧ್ಯಾಪಕರಲ್ಲಿ ನಮ್ಮ ವಿನಂತಿ.