ದಾರಿ ತೆರೆದವರ ಶೌರ್ಯ

ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಲು ಹೋದವರು ಅಲ್ಲಿಯೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯನ್ನೂ ಕಂಡಿರುತ್ತಾರೆ. ಪರಮವೀರ ಚಕ್ರ ಎಂದೊಡನೆ ಶತ್ರುವಿನ ಬಂಕರಿಗೆ ನುಗ್ಗುವ ಯೋಧ ನಮ್ಮ ಕಣ್ಣಮುಂದೆ ಬರುತ್ತಾನೆ. ರಾಣೆಯವರಿಗೆ ಆ ಪದಕ ಬಂದದ್ದು ಒಂದು ರಸ್ತೆಯನ್ನು ತೆರವು ಮಾಡಿದ್ದಕ್ಕೆ.

ಕಾರವಾರದ ಹತ್ತಿರದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ಅವರು 1940ರಲ್ಲಿ ಸೇನೆಯ ಬಾಂಬೆ ಎಂಜಿನಿಯರ್ಸ್ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರು. 1948ರ ಏಪ್ರಿಲ್‌ನಲ್ಲಿ, ಕಾಶ್ಮೀರ ಯುದ್ಧದ ವೇಳೆ, ನಮ್ಮ ಟ್ಯಾಂಕುಗಳು ನೌಶೇರಾದಿಂದ ರಾಜೌರಿಗೆ ಹೋಗಬೇಕಿತ್ತು. ಗುಡ್ಡಗಳನ್ನು ಬಳಸಿ ಸಾಗುವ ಆ ದಾರಿಯಲ್ಲಿ ಎದುರಾಳಿಗಳು ನೆಲಬಾಂಬು ಹೂತಿದ್ದರು, ಪೈನ್ ಮರಗಳನ್ನು ಅಡ್ಡ ಕೆಡವಿದ್ದರು, ಮೋರಿ ಒಡೆದಿದ್ದರು. ಅದನ್ನೆಲ್ಲ ತೆಗೆಯುವ ತಂಡಕ್ಕೆ ಆಗ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ ರಾಣೆಯವರೇ ಮುಖ್ಯಸ್ಥರು.

ಏಪ್ರಿಲ್ 8ರ ಬೆಳಿಗ್ಗೆ ಕೆಲಸ ಆರಂಭಿಸುವ ಮೊದಲೇ ಮಾರ್ಟರ್ ಗುಂಡುಗಳು ಬಿದ್ದವು. ತಂಡದ ಇಬ್ಬರು ಸತ್ತರು. ರಾಣೆ ಸೇರಿ ಐವರಿಗೆ ಗಾಯವಾಯಿತು. ಅವರು ಉಳಿದವರನ್ನು ಒಟ್ಟುಗೂಡಿಸಿ ಕೆಲಸಕ್ಕೆ ಇಳಿದರು. ಅಂದು ರಾತ್ರಿ ಹತ್ತರವರೆಗೆ, ಶತ್ರುವಿನ ಕಣ್ಣೆದುರಿನಲ್ಲೇ, ಟ್ಯಾಂಕುಗಳಿಗೆ ಬಳಸುದಾರಿ ಮಾಡಿದರು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಮೂರನೆಯ ದಿನ ನಸುಕಿನ 4.45ಕ್ಕೆ. ಅಂದು ಮಧ್ಯಾಹ್ನ ಟ್ಯಾಂಕುಗಳು ಚಿಂಗಸ್ ತಲುಪಿದವು. ಹಿಂದಿನ ವಾಹನಗಳಿಗೂ ದಾರಿಯಾಗಬೇಕಲ್ಲ? ರಾಣೆ 11ರ ರಾತ್ರಿಯವರೆಗೂ ದುಡಿದರು. ಅದರ ಬೆನ್ನಿಗೇ ರಾಜೌರಿ ನಮ್ಮ ಸೇನೆಯ ಕೈಸೇರಿತು.

ಬಂದೂಕು ಹಿಡಿದವನು ತನ್ನ ಮೇಲೆ ಗುಂಡು ಬಂದರೆ ಮರುಗುಂಡು ಹಾರಿಸಬಲ್ಲ. ನೆಲಬಾಂಬು ತೆಗೆಯುವವನ ಎರಡೂ ಕೈ ಮಣ್ಣಿನಲ್ಲಿರುತ್ತವೆ. ಅವಸರ ಮಾಡುವಂತಿಲ್ಲ, ಬಿಟ್ಟು ಓಡುವಂತಿಲ್ಲ. ಒಂದು ಕ್ಷಣದ ಆವೇಶ ಈ ಕೆಲಸಕ್ಕೆ ಸಾಲದು. ಪ್ರತಿ ಬೆಳಿಗ್ಗೆ ಎದ್ದು ಅದೇ ಭಯದ ಮುಂದೆ ಮತ್ತೆ ಮಂಡಿಯೂರಬೇಕು. ನಾಲ್ಕು ದಿನ ಹಾಗೆ ಮಂಡಿಯೂರಿದ್ದೇ ರಾಣೆಯವರ ಶೌರ್ಯ.

ಯುದ್ಧದಿಂದ ಬದುಕಿ ಬಂದ ಅವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಪದಕ ಒಬ್ಬರದು, ರಸ್ತೆ ತೆರೆದ ಕೈಗಳು ಹಲವು. ಮುಂದಿನ ಸಲ ಕಾರವಾರಕ್ಕೆ ಹೋದಾಗ ಆ ಪ್ರತಿಮೆಯ ಮುಂದೆ ನಿಮಿಷ ಹೊತ್ತು ನಿಲ್ಲಿ. ಮೊದಲ ಬೆಳಿಗ್ಗೆಯೇ ಬಿದ್ದುಹೋದ ಆ ಇಬ್ಬರನ್ನೂ ನೆನೆಯಿರಿ.