ಹೋಮ್ ಥಿಯೇಟರ್ ರಿಸೀವರ್‌ಗೆ ಟಿವಿ, ಸೆಟ್‌ಟಾಪ್ ಬಾಕ್ಸ್ ಜೋಡಿಸುವುದು ಹೇಗೆ? ಯಾವ ಕೇಬಲ್ ಎಲ್ಲಿಗೆ? ಇಲ್ಲಿದೆ ಮಾಹಿತಿ

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಫ್ಲ್ಯಾಟ್‌ಗಳಲ್ಲಿ ದೊಡ್ಡ ಟಿವಿಯ ಜತೆ ಹೋಮ್ ಥಿಯೇಟರ್ ಕೂಡ ಈಗ ಅಪರೂಪದ ವಸ್ತುವಲ್ಲ. ಆದರೆ ರಿಸೀವರ್‌ನ ಹಿಂಬದಿಯಲ್ಲಿರುವ ಹತ್ತಾರು ಪೋರ್ಟ್‌ಗಳನ್ನು ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಟಿವಿಯಲ್ಲಿ ಚಿತ್ರ ಬಂದು ಸ್ಪೀಕರ್‌ನಲ್ಲಿ ಸದ್ದು ಬರದಿದ್ದರೆ ರಿಸೀವರ್ ಕೆಟ್ಟಿದೆ ಎಂದೇ ಅನಿಸಬಹುದು. ವಾಸ್ತವದಲ್ಲಿ ತಪ್ಪಾದ ಪೋರ್ಟ್ ಅಥವಾ ಟಿವಿ ಸೆಟ್ಟಿಂಗ್ ಕಾರಣವಾಗಿರುವುದೇ ಹೆಚ್ಚು. ರಿಪೇರಿಗೆ ಹಣ ಕೊಡುವ ಮುನ್ನ ಈ ಅಂಶಗಳನ್ನು ಪರಿಶೀಲಿಸಿ.

ಮೊದಲು ವೋಲ್ಟೇಜ್ ನೋಡಿ

ಎಲ್ಲ ಸಾಧನಗಳ ಪ್ಲಗ್ ತೆಗೆದ ಮೇಲೆಯೇ ವೈರ್ ಮುಟ್ಟಿ. ನಮ್ಮಲ್ಲಿ ವಿದ್ಯುತ್ 230 ವೋಲ್ಟ್. ಅಮೆರಿಕದಿಂದ ಬಂಧುಗಳು ತಂದ ರಿಸೀವರ್ 120 ವೋಲ್ಟ್‌ನದ್ದಾಗಿದ್ದರೆ, ನೇರವಾಗಿ ಪ್ಲಗ್ ಹಾಕಿದರೆ ಸುಟ್ಟುಹೋಗಬಹುದು. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಸ್ಪೀಕರ್ ಜೋಡಣೆ

ರಿಸೀವರ್‌ನ ಕೆಂಪು ಟರ್ಮಿನಲ್‌ನಿಂದ ಸ್ಪೀಕರ್‌ನ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ವೈರ್ ಹೋಗಬೇಕು. ಅದಲು ಬದಲಾದರೆ ಬಾಸ್ ಸದ್ದು ಕುಗ್ಗುತ್ತದೆ. ತಾಮ್ರದ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಹಾಳಾಗಬಹುದು. 5.1 ವ್ಯವಸ್ಥೆ ಎಂದರೆ 5 ಸ್ಪೀಕರ್ ಮತ್ತು 1 ಸಬ್‌ವೂಫರ್. ಸಂಭಾಷಣೆ ಹೆಚ್ಚಾಗಿ ಕೇಳಿಸುವುದು ಮಧ್ಯದ ಸೆಂಟರ್ ಸ್ಪೀಕರ್‌ನಿಂದ. ಹಿರಿಯರಿಗೆ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಒಟ್ಟು ವಾಲ್ಯೂಮ್ ಬದಲು ಅದರ ಮಟ್ಟವನ್ನಷ್ಟೇ 2-3 ಡೆಸಿಬಲ್ ಏರಿಸಿ.

ಎಲ್ಲವೂ ರಿಸೀವರ್‌ಗೆ, ಅಲ್ಲಿಂದ ಟಿವಿಗೆ

ನೆನಪಿಡಬೇಕಾದ ಸೂತ್ರ ಇಷ್ಟೇ. ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್, ಗೇಮ್ ಕನ್ಸೋಲ್, ಸ್ಟ್ರೀಮಿಂಗ್ ಸ್ಟಿಕ್ ಎಲ್ಲವನ್ನೂ ರಿಸೀವರ್‌ನ ಎಚ್‌ಡಿಎಂಐ ಇನ್‌ಪುಟ್‌ಗಳಿಗೆ ಜೋಡಿಸಿ. ಎಚ್‌ಡಿಎಂಐ ಔಟ್‌ನಿಂದ ಒಂದೇ ಕೇಬಲ್ ಟಿವಿಗೆ ಕೊಡಿ. ಸ್ಟಿಕ್‌ಗೆ ಅದರದೇ ಅಡಾಪ್ಟರ್ ಬಳಸಿ. ರಿಸೀವರ್‌ನ ಯುಎಸ್‌ಬಿ ಪೋರ್ಟ್‌ನ ವಿದ್ಯುತ್ ಸಾಲದೇ ಹೋಗಬಹುದು.

ಟಿವಿಯೊಳಗಿನ ಆ್ಯಪ್‌ಗಳ ಸದ್ದು ಬೇಕೇ?

ಯೂಟ್ಯೂಬ್‌ನಂತಹ ಟಿವಿಯದೇ ಆ್ಯಪ್‌ಗಳ ಸದ್ದು ಹಿಂದಕ್ಕೆ ರಿಸೀವರ್‌ಗೆ ಬರಬೇಕು. ಇದಕ್ಕಾಗಿ 2009ರ ಎಚ್‌ಡಿಎಂಐ 1.4ರಲ್ಲಿ ಎಆರ್‌ಸಿ ಎಂಬ ಸೌಲಭ್ಯ ಬಂತು. ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಪೋರ್ಟ್‌ಗೇ ಕೇಬಲ್ ಹಾಕಿ. ಬಳಿಕ ಟಿವಿ ಮೆನುವಿನಲ್ಲಿ ಎಚ್‌ಡಿಎಂಐ-ಸಿಇಸಿ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ನಂತರ ಆಡಿಯೋ ಔಟ್‌ಪುಟ್‌ನಲ್ಲಿ ಟಿವಿ ಸ್ಪೀಕರ್ ಬದಲು ರಿಸೀವರ್ ಆಯ್ಕೆ ಮಾಡಿ.

ರಿಸೀವರ್ ಹಳೆಯದೇ?

ಹಳೆಯ ರಿಸೀವರ್‌ಗೆ 4ಕೆ ಅಥವಾ ಎಚ್‌ಡಿಸಿಪಿ 2.2 ಬೆಂಬಲವಿಲ್ಲದಿದ್ದರೆ ಪರದೆ ಕಪ್ಪಾಗಬಹುದು, ಇಲ್ಲವೇ ಚಿತ್ರದ ಗುಣಮಟ್ಟ ಇಳಿಯಬಹುದು. ಹಾಗೆಂದು ಹೊಸದನ್ನು ಕೊಳ್ಳಬೇಕಿಲ್ಲ. 4ಕೆ ಸಾಧನವನ್ನು ನೇರವಾಗಿ ಟಿವಿಗೆ ಜೋಡಿಸಿ, ಸದ್ದನ್ನು ಮಾತ್ರ ಎಆರ್‌ಸಿ ಅಥವಾ ಆಪ್ಟಿಕಲ್ ಕೇಬಲ್ ಮೂಲಕ ರಿಸೀವರ್‌ಗೆ ತನ್ನಿ. ಆಪ್ಟಿಕಲ್‌ನಲ್ಲಿ 5.1 ಡಾಲ್ಬಿ ಡಿಜಿಟಲ್ ಸಿಗುತ್ತದೆ, ಡಾಲ್ಬಿ ಅಟ್ಮಾಸ್ ಸಿಗುವುದಿಲ್ಲ.

ಯಕ್ಷಗಾನದ ಹಳೆಯ ಕ್ಯಾಸೆಟ್, ವಿಸಿಡಿ ಇದ್ದರೆ

ಊರಿನಿಂದ ತಂದ ಯಕ್ಷಗಾನ, ಭಜನೆಯ ಕ್ಯಾಸೆಟ್, ವಿಸಿಡಿಗಳಿಗೂ ರಿಸೀವರ್‌ನಲ್ಲಿ ಜಾಗವಿದೆ. ಟೇಪ್ ಡೆಕ್, ವಿಸಿಡಿ ಪ್ಲೇಯರ್‌ಗಳ ಕೆಂಪು ಪಿನ್ ಬಲ ಚಾನೆಲ್, ಬಿಳಿ ಎಡ ಚಾನೆಲ್, ಹಳದಿ ವಿಡಿಯೋ. ಕೆಂಪು, ಬಿಳಿಯನ್ನು ರಿಸೀವರ್‌ನ ಆಡಿಯೋ ಇನ್‌ಗೆ ಹಾಕಿ. ಹಳದಿ ಸಿಗ್ನಲ್ ಎಚ್‌ಡಿಎಂಐ ಮೂಲಕ ಹೊರಬರದಿದ್ದರೆ ಅದನ್ನು ನೇರವಾಗಿ ಟಿವಿಗೆ ಕೊಡಿ. ರೆಕಾರ್ಡ್ ಪ್ಲೇಯರ್‌ಗೆ ಮಾತ್ರ ಫೋನೋ ಇನ್‌ಪುಟ್ ಬೇಕು. ಟೇಪ್ ಡೆಕ್ ಅನ್ನು ಅದಕ್ಕೆ ಹಾಕಿದರೆ ಸದ್ದು ಒಡೆಯುತ್ತದೆ.

ಸದ್ದು ಬರದಿದ್ದರೆ ಏನು ಮಾಡಬೇಕು?

* ರಿಸೀವರ್‌ನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ, ಮ್ಯೂಟ್ ಆಗಿದೆಯೇ ನೋಡಿ.
* ಸೆಟ್‌ಟಾಪ್ ಬಾಕ್ಸ್‌ನ ಆಡಿಯೋವನ್ನು ಡಾಲ್ಬಿಯಿಂದ ಪಿಸಿಎಂಗೆ ಬದಲಿಸಿ ಪರೀಕ್ಷಿಸಿ.
* ಕೇಬಲ್ ಬದಲಿಸಿ ನೋಡಿ. ಎಲ್ಲವನ್ನೂ ಆಫ್ ಮಾಡಿ ಮೊದಲು ಟಿವಿ, ನಂತರ ರಿಸೀವರ್, ಕೊನೆಗೆ ಬಾಕ್ಸ್ ಆನ್ ಮಾಡಿ.

ಅಕ್ಕಪಕ್ಕದವರ ನಿದ್ದೆ, ಮಳೆಗಾಲದ ಎಚ್ಚರ

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಶಬ್ದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಗೋಡೆಗೆ ಗೋಡೆ ತಾಗಿರುವ ಸೊಸೈಟಿಗಳಲ್ಲಿ ಸಬ್‌ವೂಫರ್ ಅನ್ನು ಗೋಡೆಯಿಂದ ದೂರವಿಡಿ, ರಾತ್ರಿ ನೈಟ್ ಮೋಡ್ ಬಳಸಿ. ಗುಡುಗು ಸಿಡಿಲಿನ ವೇಳೆ ಪ್ಲಗ್ ಜತೆಗೆ ಡಿಶ್ ಅಥವಾ ಕೇಬಲ್ ಟಿವಿ ವೈರ್ ಕೂಡ ತೆಗೆದಿಡಿ. ಟೆರೇಸ್‌ನಿಂದ ಬರುವ ಆ ವೈರ್ ಮೂಲಕವೂ ಹಾನಿಯಾಗಬಹುದು. ರಿಸೀವರ್ ಬಿಸಿಯಾಗುವುದರಿಂದ ಮುಚ್ಚಿದ ಶೋಕೇಸ್‌ನಲ್ಲಿ ಇಡಬೇಡಿ.

ಎಲ್ಲ ಜೋಡಣೆ ಮುಗಿದ ಮೇಲೆ ರಿಸೀವರ್‌ನ ಹಿಂಬದಿಯ ಒಂದು ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮನೆ ಬದಲಿಸುವಾಗ ಅಥವಾ ಬಣ್ಣ ಬಳಿಸುವಾಗ ವೈರ್ ತೆಗೆದರೂ ಮತ್ತೆ ಜೋಡಿಸುವುದು ಸುಲಭ.